ಓದುಗರ ಪ್ರಶ್ನೆ: ಅಮೆರಿಕದ ಚುನಾವಣೆಗೆ ದುಡ್ಡು ಹರಿಯುವ ದಾರಿಗಳು

ಪ್ರಶ್ನೆ: ಅಮೆರಿಕದಲ್ಲಿ ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಮಿತಿ ಇದೆಯಂತೆ. ಹಾಗಾದರೆ 2024ರಲ್ಲಿ ಇಲಾನ್ ಮಸ್ಕ್ 25 ಕೋಟಿ ಡಾಲರಿಗೂ ಹೆಚ್ಚು ಸುರಿದದ್ದು ಹೇಗೆ? (ಓದುಗರೊಬ್ಬರು, ಮೈಸೂರು)

ಉತ್ತರ: ನೀವು ಹೇಳುವ ಮಿತಿ ಇರುವುದು ಅಭ್ಯರ್ಥಿಯ ಖಾತೆಗೆ ನೇರವಾಗಿ ಹೋಗುವ ಹಣಕ್ಕೆ. ಒಬ್ಬರು ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 2023–24ರಲ್ಲಿ 3,300 ಡಾಲರ್ ಕೊಡಬಹುದಿತ್ತು. 2025–26ಕ್ಕೆ ಅದು 3,500. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಬೇರೆ, ನವೆಂಬರಿನ ಚುನಾವಣೆ ಬೇರೆ ಎಂದು ಲೆಕ್ಕ ಹಾಕುವುದರಿಂದ ಒಟ್ಟು 7,000 ಆಗುತ್ತದೆ. ಕಂಪನಿಗಳೂ ಕಾರ್ಮಿಕ ಸಂಘಗಳೂ ತಮ್ಮ ಬೊಕ್ಕಸದಿಂದ ಸಂಸತ್ತಿನ ಅಭ್ಯರ್ಥಿಗೆ ಒಂದು ಡಾಲರನ್ನೂ ಕೊಡುವಂತಿಲ್ಲ.

ಆದರೆ 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ 5–4ರ ತೀರ್ಪು ನೀಡಿ, ಅಭ್ಯರ್ಥಿಯ ಜತೆ ಕೈಜೋಡಿಸದೆ ಸ್ವತಂತ್ರವಾಗಿ ಮಾಡುವ ಪ್ರಚಾರದ ಖರ್ಚಿಗೆ ಕಡಿವಾಣ ಹಾಕುವಂತಿಲ್ಲ ಎಂದಿತು. ಎರಡು ತಿಂಗಳ ನಂತರ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಅಂಥ ಖರ್ಚನ್ನಷ್ಟೇ ಮಾಡುವ ಸಮಿತಿಗೆ ಯಾರು ಎಷ್ಟು ಬೇಕಾದರೂ ಕೊಡಬಹುದು ಎಂದಿತು. ಸೂಪರ್ ಪ್ಯಾಕ್‌ಗಳು ಹುಟ್ಟಿದ್ದು ಹೀಗೆ.

ಕೈಜೋಡಿಸಬಾರದು ಎಂಬ ಷರತ್ತು ಈಗ ಬಹುಮಟ್ಟಿಗೆ ಕಾಗದದ ಮೇಲಷ್ಟೇ ಉಳಿದಿದೆ. ಅಭ್ಯರ್ಥಿಯ ವೆಬ್‌ಸೈಟಿನಲ್ಲಿ ‘ಈ ಭಾಗದ ಮತದಾರರು ಇದನ್ನು ತಿಳಿಯಬೇಕು’ ಎಂಬ ಪುಟ್ಟ ಟಿಪ್ಪಣಿ ಇರುತ್ತದೆ. ಜಾಹೀರಾತಿಗೆ ಒದಗುವ, ಮಾತಿಲ್ಲದ ವಿಡಿಯೊ ತುಣುಕುಗಳೂ ಅಲ್ಲೇ ಇರುತ್ತವೆ. ಸೂಪರ್ ಪ್ಯಾಕಿನವರು ಅದನ್ನು ಓದಿ ಅದೇ ಮಾತನ್ನು ಟಿವಿಯಲ್ಲಿ ಹೇಳುತ್ತಾರೆ. ಎಲ್ಲರಿಗೂ ಕಾಣುವಂತೆ ಇಟ್ಟಿರುವುದರಿಂದ ಕಾನೂನಿನ ಕಣ್ಣಿಗೆ ಅದು ಒಳಒಪ್ಪಂದವಲ್ಲ. 2024ರ ಮಾರ್ಚಿನಲ್ಲಿ, ಚುನಾವಣೆಯ ಹಣದ ಮೇಲೆ ಕಣ್ಣಿಡುವ ಫೆಡರಲ್ ಎಲೆಕ್ಷನ್ ಕಮಿಷನ್, ಮನೆಮನೆ ಪ್ರಚಾರವನ್ನು ಅಭ್ಯರ್ಥಿಯ ಜತೆ ಮಾತಾಡಿಕೊಂಡೇ ನಡೆಸಬಹುದು ಎಂದು ಅಭಿಪ್ರಾಯ ಕೊಟ್ಟಿತು. ಮಸ್ಕ್ ಅವರ ಸೂಪರ್ ಪ್ಯಾಕ್ ‘ಅಮೆರಿಕ ಪ್ಯಾಕ್’ ಬಳಸಿಕೊಂಡ ದಾರಿ ಇದೇ.

ಕಮಿಷನ್ನಿನಲ್ಲಿ ಆರು ಸದಸ್ಯರು, ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚಿರುವಂತಿಲ್ಲ, ತನಿಖೆಗೆ ನಾಲ್ಕು ಮತ ಬೇಕು. ಮತಗಳು 3–3 ಆದವೆಂದರೆ ದೂರು ಅಲ್ಲಿಗೇ ಮುಗಿಯಿತು. 2025ರ ಮೇ ತಿಂಗಳಲ್ಲಂತೂ ಸದಸ್ಯರಿಲ್ಲದೆ ಕೋರಂ ಕೂಡ ತಪ್ಪಿಹೋಯಿತು.

ಪ್ರಶ್ನೆ: ದುಡ್ಡು ಸುರಿದವರೇ ಗೆಲ್ಲುತ್ತಾರೆಯೇ? (ಓದುಗರೊಬ್ಬರು, ಬೆಳಗಾವಿ)

ಉತ್ತರ: ಇಲ್ಲ. ಕೋಟ್ಯಧಿಪತಿ ಮೈಕೆಲ್ ಬ್ಲೂಮ್‌ಬರ್ಗ್ 2020ರಲ್ಲಿ ಅಧ್ಯಕ್ಷ ಹುದ್ದೆಗಾಗಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಗಳಿಗೆ ಇಳಿದು, ಸ್ವಂತದ್ದೇ 100 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ಗೆದ್ದದ್ದು ಪುಟ್ಟ ದ್ವೀಪ ಪ್ರದೇಶ ಅಮೆರಿಕನ್ ಸಮೋವಾ ಒಂದನ್ನೇ. ನಿಮ್ಮ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಗಾಗಿ ಸ್ವಂತದ ಒಂದು ಕೋಟಿ ಡಾಲರ್ ಮೀರಿ ವ್ಯಯಿಸಿಯೂ ಪ್ರೈಮರಿಯಲ್ಲಿ ಮೂರನೆಯವರಾದರು. ಸಂಸತ್ತಿಗೆ ಆಯ್ಕೆಯಾದದ್ದು 2022ರಲ್ಲಿ. ತಮ್ಮ ಹಣವನ್ನು ತಮಗೇ ಖರ್ಚು ಮಾಡಲು ಮಿತಿ ಇಲ್ಲವೆಂದು 1976ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಜನರು ಅಷ್ಟಾಗಿ ಮತ ಹಾಕದ, ಮಾಧ್ಯಮ ತಲೆಹಾಕದ ಪ್ರೈಮರಿಗಳಲ್ಲಿ ದುಡ್ಡಿನ ಕೆಲಸ ಬೇರೆಯೇ. ಇಸ್ರೇಲ್ ಪರ ಗುಂಪು ಐಪ್ಯಾಕ್‌ನ ಸೂಪರ್ ಪ್ಯಾಕ್, ಯುನೈಟೆಡ್ ಡೆಮಾಕ್ರಸಿ ಪ್ರಾಜೆಕ್ಟ್, 2024ರ ಜೂನಿನಲ್ಲಿ ನ್ಯೂಯಾರ್ಕಿನ ಆಗಿನ ಸಂಸದ ಜಮಾಲ್ ಬೋಮನ್ ಅವರನ್ನು ಸೋಲಿಸಲು ಅವರ ಒಂದೇ ಕ್ಷೇತ್ರಕ್ಕೆ 1.4 ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ಅವರು ಸೋತರು. ಬೋಮನ್ ಮೊದಲೇ ದುರ್ಬಲರಾಗಿದ್ದರು. ಹಣವೊಂದೇ ಸೋಲಿಸಿತು ಎನ್ನುವುದು ತಪ್ಪು. ಆದರೆ ಜಾಹೀರಾತುಗಳನ್ನು ಗಮನಿಸಿ: ಅವು ಮುಖ್ಯವಾಗಿ ಮಾತಾಡಿದ್ದು ಇಸ್ರೇಲಿನ ಬಗ್ಗೆ ಅಲ್ಲ, ಬೈಡನ್ ಅವರ ಮೂಲಸೌಕರ್ಯ ಮಸೂದೆಯ ವಿರುದ್ಧ ಬೋಮನ್ ಹಾಕಿದ ಮತದ ಬಗ್ಗೆ. ಅದೇ ವರ್ಷ ಕ್ರಿಪ್ಟೊ ಉದ್ಯಮದ ಸೂಪರ್ ಪ್ಯಾಕ್ ಫೇರ್‌ಶೇಕ್, ಕ್ಯಾಲಿಫೋರ್ನಿಯಾದಲ್ಲಿ ಸೆನೆಟ್ ಅಭ್ಯರ್ಥಿ ಕೇಟಿ ಪೋರ್ಟರ್ ವಿರುದ್ಧ ಸುಮಾರು ಒಂದು ಕೋಟಿ ಡಾಲರ್ ಖರ್ಚು ಮಾಡಿದಾಗಲೂ ಜಾಹೀರಾತಿನಲ್ಲಿ ಕ್ರಿಪ್ಟೊ ಸುದ್ದಿ ಇರಲಿಲ್ಲ. ಹಣ ಕೊಟ್ಟವರ ಉದ್ದೇಶ ಒಂದು, ಮತದಾರ ಕೇಳಿಸಿಕೊಳ್ಳುವ ಮಾತು ಇನ್ನೊಂದು. ಈ ವ್ಯವಸ್ಥೆಯಲ್ಲಿ ಅತ್ಯಂತ ಕೆಟ್ಟದ್ದು ಇದೇ ಎಂದು ನಮ್ಮ ಅಭಿಪ್ರಾಯ. ಒಬ್ಬರು ಸೋತದ್ದನ್ನು ಉಳಿದ ಸಂಸದರೂ ನೋಡಿರುತ್ತಾರೆ. ಅವರ ಕ್ಷೇತ್ರದಲ್ಲಿ ಒಂದು ಡಾಲರ್ ಖರ್ಚಾಗದಿದ್ದರೂ ಮುಂದಿನ ಮಸೂದೆ ಬಂದಾಗ ಅದು ನೆನಪಿಗೆ ಬರುತ್ತದೆ.

ಪ್ರಶ್ನೆ: ಯಾರ ಹಣ ಎಂದು ಹುಡುಕುವುದು ಹೇಗೆ? (ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಜಾಹೀರಾತಿನ ಕೊನೆಯಲ್ಲಿ ಬರುವ ಸಮಿತಿಯ ಹೆಸರನ್ನು ಕಮಿಷನ್ನಿನ ವೆಬ್‌ಸೈಟಿನಲ್ಲಿ ಹುಡುಕಿ. ‘ಶೆಡ್ಯೂಲ್ ಎ’ಯಲ್ಲಿ ಕೊಟ್ಟವರು, ‘ಶೆಡ್ಯೂಲ್ ಇ’ಯಲ್ಲಿ ಯಾವ ಅಭ್ಯರ್ಥಿಯ ಪರ ಅಥವಾ ವಿರುದ್ಧ ಎಷ್ಟು ಖರ್ಚಾಯಿತು ಎಂಬ ವಿವರ ಸಿಗುತ್ತದೆ. ಮತದಾನಕ್ಕೆ 20 ದಿನ ಉಳಿದ ಮೇಲೆ 1,000 ಡಾಲರ್ ಮುಟ್ಟಿದ ಖರ್ಚನ್ನು 24 ಗಂಟೆಯೊಳಗೆ ತಿಳಿಸಲೇಬೇಕು. ಆದರೆ ಕೊಟ್ಟವರ ಪಟ್ಟಿಗೆ ಆ ಅವಸರವಿಲ್ಲ. ಚುನಾವಣಾಪೂರ್ವ ವರದಿಯ ಲೆಕ್ಕ ಮತದಾನಕ್ಕೆ 20 ದಿನ ಮುಂಚೆಯೇ ಮುಚ್ಚುತ್ತದೆ. ಅದರ ನಂತರ ಸೂಪರ್ ಪ್ಯಾಕ್ ತೆರೆದರೆ ದಾನಿಯ ಹೆಸರು ಹೊರಬೀಳುವುದು ಮತ ಎಣಿಕೆಯಾದ ಮೇಲೆ. ಎರಡೂ ಪಕ್ಷದವರು ಇದನ್ನು ಬೇಕೆಂದೇ ಮಾಡುತ್ತಾರೆ.

ಪಟ್ಟಿಯಲ್ಲಿ ವ್ಯಕ್ತಿಯ ಬದಲು ಲಾಭರಹಿತ ಸಂಸ್ಥೆಯ ಹೆಸರಿದ್ದರೆ, ಅದು ತೆರಿಗೆ ಇಲಾಖೆಗೆ ಸಲ್ಲಿಸುವ 990 ನಮೂನೆ ನೋಡಿ. ಸಾಮಾನ್ಯವಾಗಿ ದಾನಿಗಳ ಹೆಸರನ್ನು ಅಲ್ಲಿ ಅಳಿಸಿರುತ್ತಾರೆ, ಆದರೆ ಸಂಸ್ಥೆ ತಾನು ಯಾರಿಗೆ ಅನುದಾನ ಕೊಟ್ಟಿತು ಎಂಬುದು ‘ಶೆಡ್ಯೂಲ್ ಐ’ಯಲ್ಲಿ ಇರುತ್ತದೆ. ಹಾಗಾಗಿ ಪಡೆದವರ ಕಡೆಯಿಂದಲ್ಲ, ಕೊಟ್ಟವರ ಕಡೆಯಿಂದ ಹುಡುಕಬೇಕು. ವರದಿ ಕೈಗೆ ಸಿಗುವುದು ವರ್ಷ ಕಳೆದ ಮೇಲೆ. ಷಿಕಾಗೊದ ಉದ್ಯಮಿ ಬ್ಯಾರಿ ಸೈಡ್ 2021ರಲ್ಲಿ ಬಲಪಂಥೀಯ ಲಾಭರಹಿತ ಸಂಸ್ಥೆ ಮಾರ್ಬಲ್ ಫ್ರೀಡಂ ಟ್ರಸ್ಟಿಗೆ ತಮ್ಮ ಕಂಪನಿಯ ಷೇರುಗಳನ್ನು ಕೊಟ್ಟು, ಅವುಗಳ ಮಾರಾಟದಿಂದ 160 ಕೋಟಿ ಡಾಲರ್ ಬಂದ ಸಂಗತಿ ಲೋಕಕ್ಕೆ ತಿಳಿದದ್ದು 2022ರ ಆಗಸ್ಟಿನಲ್ಲಿ, ಅದೂ ಪತ್ರಕರ್ತರಿಂದ.

ಪ್ರಶ್ನೆ: ಮಗ ಎಚ್-1ಬಿ ವೀಸಾದಲ್ಲಿ ಟೆಕ್ಸಾಸಿನಲ್ಲಿದ್ದಾನೆ. ಅವನು 50 ಡಾಲರ್ ದೇಣಿಗೆ ಕೊಡಬಹುದೇ? (ಓದುಗರೊಬ್ಬರು, ಹಾಸನ)

ಉತ್ತರ: ಕೊಡುವಂತಿಲ್ಲ. ನಗರ ಮಟ್ಟದ ಚುನಾವಣೆಗೂ ಇದು ಅನ್ವಯಿಸುತ್ತದೆ. ಮೊತ್ತ ಎಷ್ಟು ಚಿಕ್ಕದಾದರೂ ತಪ್ಪು ತಪ್ಪೇ. ಪೌರರಾಗಿರುವ ಸ್ನೇಹಿತರ ಹೆಸರಿನಲ್ಲಿ ಕೊಟ್ಟು ಆಮೇಲೆ ಹಣ ಹಿಂದಿರುಗಿಸುವುದು ಇನ್ನೂ ದೊಡ್ಡ ಅಪರಾಧ. ಸಂಬಳವಿಲ್ಲದ ಸ್ವಯಂಸೇವಕನಾಗಿ ದುಡಿಯಬಹುದು, ಆದರೆ ಹಣದ ತೀರ್ಮಾನಗಳಲ್ಲಿ ಪಾಲ್ಗೊಳ್ಳಬಾರದು. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಆಗ ಒಬ್ಬ ಅಭ್ಯರ್ಥಿಗೆ ಕೊಟ್ಟದ್ದು 200 ಡಾಲರ್ ದಾಟಿದರೆ ಹೆಸರು, ಊರು, ಉದ್ಯೋಗ, ಕಂಪನಿ ಎಲ್ಲವೂ ಸಾರ್ವಜನಿಕ ದಾಖಲೆಗೆ ಸೇರುತ್ತವೆ. ಆನ್‌ಲೈನಿನಲ್ಲಿ ಕೊಡುವಾಗ ‘ಪ್ರತಿ ತಿಂಗಳೂ ಕೊಡುತ್ತೇನೆ’ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿದ್ದಾರೆಯೇ ಎಂದು ನೋಡಿ ತೆಗೆಯಲು ಹೇಳಿ. 2020ರಲ್ಲಿ ಅದನ್ನು ಗಮನಿಸದ ಸಾವಿರಾರು ಜನರ ಕಾರ್ಡಿನಿಂದ ವಾರವಾರ ಹಣ ಕಡಿತವಾಗಿತ್ತು.