ಜೆಪಿಎ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಜೋಡಿಸುವ ನಿಯಮಾವಳಿ) ಮತ್ತು ಅದನ್ನು ನಡೆಸುವ ಹೈಬರ್ನೇಟ್ ಲೈಬ್ರರಿ ಬಳಸುತ್ತಿದ್ದೇವೆ. ಪ್ರಾಡಕ್ಟ್ ಎಂಟಿಟಿಯಲ್ಲಿ (ಟೇಬಲ್‌ಗೆ ಹೊಂದಿಸಿದ ಜಾವಾ ಕ್ಲಾಸ್) ಗೋದಾಮುವಾರು ಸ್ಟಾಕ್ ಮ್ಯಾಪ್ ಇಡಲು ಮ್ಯಾಪ್‌ಕೀ ಸರಿಯಾ, ಮ್ಯಾಪ್‌ಕೀಜಾಯಿನ್‌ಕಾಲಂ ಸರಿಯಾ? ಮ್ಯಾಪ್ ಮೇಲೆ ಗೆಟ್ ಕರೆದರೆ ಒಂದೇ ಸಾಲು ಬರುತ್ತೆ, ಫಾಸ್ಟ್ ಇರುತ್ತೆ.

ಎರಡೂ ಬೇಡ. ಮೊದಲು ಸ್ಟಾಕ್ ಟೇಬಲ್‌ನಲ್ಲಿ ಪ್ರಾಡಕ್ಟ್ ಐಡಿ, ಗೋದಾಮಿನ ಐಡಿ ಎರಡನ್ನೂ ಸೇರಿಸಿ ಒಂದು ಯುನೀಕ್ ಕನ್‌ಸ್ಟ್ರೈಂಟ್ (ಅದೇ ಜೋಡಿ ಎರಡನೇ ಸಲ ಬರದಂತೆ ತಡೆಯುವ ನಿಯಮ) ಹಾಕಿ. ಮ್ಯಾಪ್‌ಕೀ ಥರದ ಆನೋಟೇಶನ್ (ಕೋಡ್ ಮೇಲೆ ಹಾಕುವ ಗುರುತು) ಮಾತು ಆಮೇಲೆ.

ನಮ್ಮ ಪ್ರಾಜೆಕ್ಟಿನಲ್ಲೂ ಇಂಥದ್ದೇ ಕೋಡ್ ಇತ್ತು. ಒನ್‌ಟುಮೆನಿ (ಒಂದು ಪ್ರಾಡಕ್ಟಿಗೆ ಹಲವು ಸ್ಟಾಕ್ ಸಾಲು), ಅದರ ಮೇಲೆ ಮ್ಯಾಪ್‌ಕೀ, ಗೋದಾಮೇ ಕೀ. ಒಂದು ದಿನ ಗೋದಾಮಿನವರು ಫೋನ್ ಮಾಡಿ, "ಮಾಲು ಕಣ್ಣೆದುರಿಗೇ ಇದೆ, ಸ್ಕ್ರೀನಲ್ಲಿ ಕಡಿಮೆ ತೋರಿಸ್ತಿದೆ ಸಾರ್" ಅಂದರು. ನೇರವಾಗಿ ಎಸ್‌ಕ್ಯೂಎಲ್‌ನಲ್ಲಿ ಕೂಡಿದರೆ ಲೆಕ್ಕ ಸರಿ. ಆ್ಯಪ್‌ನಲ್ಲಿ ತಪ್ಪು. ಕ್ಯಾಶ್ ಹುಡುಕಿದೆವು, ಟ್ರಾನ್ಸಾಕ್ಷನ್ ಹುಡುಕಿದೆವು, ಏನೂ ಸಿಗಲಿಲ್ಲ.

ಮ್ಯಾಪ್‌ಕೀ ಯಾವ ಹೊಸ ಕಾಲಂ ಅನ್ನೂ ಮಾಡುವುದಿಲ್ಲ. ಸಾಲುಗಳನ್ನು ಓದುತ್ತದೆ, ಪ್ರತಿ ಸಾಲಿನಲ್ಲಿರುವ ಗೋದಾಮನ್ನೇ ಕೀ ಮಾಡಿ ಮ್ಯಾಪ್‌ಗೆ ತುಂಬುತ್ತದೆ, ಅಷ್ಟೇ. ನಮ್ಮ ಇಂಪೋರ್ಟ್ ಸ್ಕ್ರಿಪ್ಟ್ ಇದ್ದ ಸಾಲಿಗೆ ಕೂಡಿಸುವ ಬದಲು ಅದೇ ಪ್ರಾಡಕ್ಟ್, ಅದೇ ಗೋದಾಮಿಗೆ ಎರಡನೇ ಸಾಲು ಸೇರಿಸಿತ್ತು. ತಡೆಯಲು ಕನ್‌ಸ್ಟ್ರೈಂಟ್ ಇರಲಿಲ್ಲ. ಮ್ಯಾಪ್‌ನಲ್ಲಿ ಒಂದು ಕೀಗೆ ಒಂದೇ ಜಾಗ ಅಲ್ವಾ, ಡೇಟಾಬೇಸಿನಿಂದ ಎರಡು ಸಾಲು ಬಂದರೂ ಆಮೇಲೆ ಓದಿದ್ದು ಮೊದಲಿನದನ್ನು ತಳ್ಳಿ ಕೂತಿತು. ಎಕ್ಸೆಪ್ಶನ್ ಇಲ್ಲ, ವಾರ್ನಿಂಗ್ ಇಲ್ಲ, ಲಾಗ್‌ನಲ್ಲಿ ಕ್ವೆರಿಯೂ ಸರಿಯಾಗೇ ಕಾಣುತ್ತಿತ್ತು. ಕ್ವೆರಿಯಲ್ಲಿ ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ಇಲ್ಲದ ಕಾರಣ ಯಾವ ಸಾಲು ಕೊನೆಗೆ ಬರುತ್ತದೆ ಅನ್ನುವ ಖಾತ್ರಿಯೂ ಇರಲಿಲ್ಲ. ಕೀ ಯುನೀಕ್ ಇರಬೇಕು ಅಂತ ಜೆಪಿಎ ನಿರೀಕ್ಷಿಸುತ್ತದೆ. ಆ ನಿಯಮವನ್ನು ಕಾಪಾಡುವ ಕೆಲಸ ಡೇಟಾಬೇಸಿನದೇ.

ಮ್ಯಾಪ್‌ಕೀಜಾಯಿನ್‌ಕಾಲಂ 2009ರಲ್ಲಿ ಜೆಪಿಎ 2.0 ಜೊತೆ ಬಂತು. ಕೀ ಆಗಬೇಕಾದ ಎಂಟಿಟಿಗೆ ಬೇರೆಯೇ ಕಾಲಂ ಬೇಕಾದಾಗ ಅದು. ನಿಮ್ಮ ಸ್ಟಾಕ್ ಎಂಟಿಟಿಯಲ್ಲಿ ಗೋದಾಮು ಮೊದಲೇ ಇದೆ, ಮತ್ತೆ ಯಾಕೆ?

ಇನ್ನು "ಗೆಟ್ ಕರೆದರೆ ಒಂದೇ ಸಾಲು ಬರುತ್ತೆ, ಫಾಸ್ಟ್ ಇರುತ್ತೆ" ಅಂತ ಬರೆದಿದ್ದೀರಿ. ಅದು ಹಾಗಲ್ಲ. ಲೇಜಿ (ಬೇಕಾದಾಗ ಮಾತ್ರ ಲೋಡ್ ಆಗುವ) ಮ್ಯಾಪ್ ಮೇಲೆ ಗೆಟ್ ಕರೆದರೆ ಹೈಬರ್ನೇಟ್ ಮಾಮೂಲಿಯಾಗಿ ಆ ಪ್ರಾಡಕ್ಟಿನ ಎಲ್ಲ ಸ್ಟಾಕ್ ಸಾಲುಗಳನ್ನೂ ತರುತ್ತದೆ. ಒಂದು ಗೋದಾಮಿನ ಸ್ಟಾಕ್ ಬೇಕಿದ್ದರೆ ಎರಡೂ ಐಡಿ ಕೊಟ್ಟು ಕ್ವೆರಿ ಮಾಡಿ. ನನ್ನ ಮಟ್ಟಿಗೆ ಮ್ಯಾಪ್ ಒಪ್ಪುವುದು ಸರಳ ಮೌಲ್ಯಗಳಿಗೆ: ಭಾಷೆವಾರು ಪ್ರಾಡಕ್ಟ್ ಹೆಸರು ಥರದ್ದು. ಅಲ್ಲಿ ಎಲಿಮೆಂಟ್‌ಕಲೆಕ್ಷನ್ (ಸರಳ ಮೌಲ್ಯಗಳ ಗುಂಪಿಗೆ) ಜೊತೆ ಮ್ಯಾಪ್‌ಕೀಕಾಲಂ (ಕೀ ಇಡುವ ಕಾಲಂ ಹೇಳಲು) ಹಾಕಿ. ಟೇಬಲ್ ಅನ್ನು ಹೈಬರ್ನೇಟ್ ಕೈಯಲ್ಲೇ ಮಾಡಿಸಿದರೆ ಪ್ರಾಡಕ್ಟ್ ಐಡಿ ಮತ್ತು ಕೀ ಸೇರಿ ಪ್ರೈಮರಿ ಕೀ ಆಗುತ್ತದೆ, ಡೂಪ್ಲಿಕೇಟ್ ಒಳಗೇ ಬರುವುದಿಲ್ಲ.

ಕನ್‌ಸ್ಟ್ರೈಂಟ್ ಹಾಕುವ ಮೊದಲು ಗ್ರೂಪ್ ಬೈ ಮಾಡಿ ಈಗಾಗಲೇ ಇರುವ ಡೂಪ್ಲಿಕೇಟ್ ಸಾಲುಗಳನ್ನು ಹುಡುಕಿ. ಸುಮ್ನೆ ಎರಡನ್ನೂ ಕೂಡಿಸಿಬಿಡಬೇಡಿ. ನಮ್ಮಲ್ಲಿ ಎರಡನೇ ಸಾಲು ಹೊಸದಾಗಿ ಬಂದ ಮಾಲು, ಹಾಗಾಗಿ ಕೂಡಿಸಿದ್ದು ಸರಿ. ನಿಮ್ಮಲ್ಲಿ ಅದು ಮರುಎಣಿಕೆ ಆಗಿದ್ದರೆ ಹಳೆಯ ಸಾಲು ಹೋಗಬೇಕು, ಅದನ್ನು ಗೋದಾಮಿನವರನ್ನೇ ಕೇಳಿ.