ಇಸವಿಗಳು ನೆನಪಿದ್ದರೆ ಇತಿಹಾಸದ ಮೇಷ್ಟ್ರಾಗಬಹುದಾ?

ನೆನಪಿನ ಶಕ್ತಿ ಚೆನ್ನಾಗಿದೆ, ಸಂಶೋಧನೆ ಇಷ್ಟವಿಲ್ಲ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿಕೊಂಡು ಇರಬಹುದಾ ಅಂತ ಕೇಳಿದ್ದೀರಿ. ಎಂ.ಎ. ಮುಗಿಸಿದಾಗ ನಾನೂ ಹೀಗೇ ಇದ್ದೆ. ಪಿಎಚ್.ಡಿ. ಅಂದರೆ ಕೆಲಸಕ್ಕೆ ಬೇಕಾದ ಒಂದು ಕಾಗದ, ಬೇಗ ಮುಗಿಸಿಬಿಡೋಣ ಅಂದುಕೊಂಡಿದ್ದೆ.

1663ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿತು. ಆಮೇಲೆ ಮಲಬಾರಿನ ಕಾಳುಮೆಣಸಿನ ವ್ಯಾಪಾರ ಏನಾಯಿತು ಅನ್ನೋದು ನನ್ನ ವಿಷಯ. ಆದರೆ ನನಗೆ ಡಚ್ ಬರುತ್ತಿರಲಿಲ್ಲ. ಕಂಪನಿಯ ಅಧಿಕಾರಿಗಳ ಪತ್ರಗಳು ಇಂಗ್ಲಿಷಿಗೆ ಅನುವಾದವಾಗಿ ಅಚ್ಚಾಗಿವೆಯಲ್ಲ, ಭಾಷೆ ಕಲಿಯುತ್ತಾ ಕೂತರೆ ಎರಡು ವರ್ಷ ಹೋಗುತ್ತದೆ ಅಂತ ಲೆಕ್ಕ ಹಾಕಿದೆ.

ತಪ್ಪಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ನಾನು ಓದಿದ ಆ ಪತ್ರಗಳ ಇಂಗ್ಲಿಷ್ ಸಂಪುಟದಲ್ಲಿ ಸಣ್ಣ ವ್ಯಾಪಾರಿಗಳ ಮಾತೇ ಇರಲಿಲ್ಲ. ಹಾಗಾಗಿ ಕಂಪನಿಯವರು ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ ಅಂತ ಒಂದು ಅಧ್ಯಾಯ ಪೂರ್ತಿ ವಾದ ಕಟ್ಟಿದೆ. ವೈವಾದಲ್ಲಿ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಅದೇ ಸಂಪುಟದ ಮುನ್ನುಡಿ ತೆಗೆದು ನನ್ನ ಮುಂದಿಟ್ಟರು. ದಿನನಿತ್ಯದ ಖರೀದಿ, ಸಾಲ, ಸರಕಿನ ವಿವರಗಳನ್ನು ಬಿಟ್ಟಿದ್ದೇನೆ ಅಂತ ಅನುವಾದಕರೇ ಅಲ್ಲಿ ಬರೆದಿದ್ದರು. ಸಣ್ಣ ವ್ಯಾಪಾರಿಗಳು ಇದ್ದದ್ದೇ ಆ ವಿವರಗಳಲ್ಲಿ! ಬಿಟ್ಟವರು ಅನುವಾದಕರು. ನಾನು ಅದನ್ನು ಕಂಪನಿಯ ತಲೆಗೆ ಕಟ್ಟಿದ್ದೆ. ಮುನ್ನುಡಿಯನ್ನು ಓದಿರಲಿಲ್ಲ ಅಂತಲ್ಲ, ಓದಿದ್ದೆ. ಆ ಸಾಲಿಗೂ ನನ್ನ ವಾದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

ಥೀಸಿಸ್ ವಾಪಸ್ ಬಂತು. ಡಚ್ ಕಲಿತೆ. ಆ ಕಾಲದ ಕೈಬರಹ ಓದೋದು ಇನ್ನೊಂದು ಭಾಷೆ ಕಲಿತ ಹಾಗೆ, ಮೊದಲ ಪುಟಕ್ಕೆ ನಾಲ್ಕು ದಿನ ಬೇಕಾಯಿತು. ಮೂರು ವರ್ಷ ಹೋಯಿತು. ಅಷ್ಟರಲ್ಲಿ ನನಗೆ ಸಿಗಬಹುದಾಗಿದ್ದ ಖಾಯಂ ಹುದ್ದೆ ಬೇರೆಯವರ ಪಾಲಾಗಿತ್ತು. ಆಮೇಲೆ ಬಹಳ ಕಾಲ ಗಂಟೆ ಲೆಕ್ಕದ ಪಾಠ ಮಾಡಿಕೊಂಡೇ ಇದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಪಾಠ ಬೇರೆ, ಸಂಶೋಧನೆ ಬೇರೆ ಅಂತ ಕಾಲೇಜು ಮಟ್ಟದಲ್ಲಿ ಬಿಡಿಸಲು ಆಗೋದಿಲ್ಲ. ಕಂಪನಿ 1602ರಲ್ಲಿ ಶುರುವಾಗಿ 1799ರಲ್ಲಿ ಮುಗಿಯಿತು ಅನ್ನೋದು ವಿದ್ಯಾರ್ಥಿಗಳಿಗೆ ಫೋನಿನಲ್ಲೇ ಸಿಗುತ್ತದೆ. ಅದರ ಸುಮಾರು 2.5 ಕೋಟಿ ಪುಟಗಳು ಹೇಗ್, ಜಕಾರ್ತ, ಕೊಲಂಬೊ, ಚೆನ್ನೈ, ಕೇಪ್‌ಟೌನ್ ಪತ್ರಾಗಾರಗಳಲ್ಲಿ ಉಳಿದಿವೆ. ಅದರಲ್ಲಿ ಒಂದು ಪುಟ ಕೈಗೆ ಬಂದರೆ ಏನು ಕೇಳಬೇಕು ಅನ್ನೋದನ್ನು ಹೇಳಿಕೊಡೋದಕ್ಕೇ ಮೇಷ್ಟ್ರು ಬೇಕು, ಅಲ್ವಾ? ನೀವೇ ಆ ಪುಟದ ಜೊತೆ ಒದ್ದಾಡಿರದಿದ್ದರೆ ಏನು ಹೇಳಿಕೊಡುತ್ತೀರಿ?

ಖಾಯಂ ಹುದ್ದೆಗಳು ಕಡಿಮೆ, ಕಾಯುವವರು ಜಾಸ್ತಿ. ಅದು ನಿಮಗೂ ಗೊತ್ತಿರುತ್ತದೆ. ಅದಕ್ಕಿಂತ ಮೊದಲು, ನಿಮಗೆ ಇಷ್ಟವಾದ ಕಾಲದ ದಾಖಲೆಗಳು ಯಾವ ಭಾಷೆ, ಯಾವ ಲಿಪಿಯಲ್ಲಿವೆ ಅಂತ ನೋಡಿ. ವಿಷಯ ನೋಂದಾಯಿಸುವ ಮೊದಲೇ ಆರು ತಿಂಗಳು ಅದನ್ನು ಕಲಿಯಿರಿ. ಬೇಜಾರಾದರೆ ಈ ದಾರಿ ಬೇಡ. ಒಂದು ಹಾಳೆ ಬಿಡಿಸಲು ರಾತ್ರಿ ಹನ್ನೊಂದಾದರೂ ಏಳಲು ಮನಸ್ಸಾಗದಿದ್ದರೆ, ಮತ್ತೆ ಬರೆಯಿರಿ, ಗೈಡ್ ಆಯ್ಕೆಯ ಬಗ್ಗೆ ಮಾತಾಡೋಣ.