ಬಿರಡೆ ಹಾರಿದ್ದು ಒಳ್ಳೆಯದೇ ಆಯಿತು

ಪ್ರಶ್ನೆ: ಡಿಸೆಂಬರಿನಲ್ಲಿ ಕಪ್ಪು ದ್ರಾಕ್ಷಿಯ ವೈನ್ ಹಾಕಿದ್ದೆ. ಭರಣಿಯಲ್ಲಿ 21 ದಿನ ಇಟ್ಟು, ಸೋಸಿ, ಹುಳಿ ಎನಿಸಿದ್ದರಿಂದ ಬಾಟಲಿಗೆ ಎರಡು ದೊಡ್ಡ ಚಮಚ ಸಕ್ಕರೆ ಬೆರೆಸಿ ತುಂಬಿಸಿದೆ. ಹಳೆಯ ಬಿರಡೆಗಳನ್ನು ಕುದಿಸಿ, ಮರದ ಸುತ್ತಿಗೆಯಿಂದ ಹೊಡೆದು, ಮೇಲೆ ಮೇಣದಬತ್ತಿ ಕರಗಿಸಿ ಸುರಿದೆ. ಏಪ್ರಿಲ್‌ನಲ್ಲಿ ಒಂದೇ ರಾತ್ರಿ ಮೂರು ಬಿರಡೆಗಳು ಹಾರಿ ಗೋಡೆಯೆಲ್ಲ ನೇರಳೆಯಾಯಿತು. ಇನ್ನೂ ಒಂಬತ್ತು ಬಾಟಲಿಗಳಿವೆ. ಗಟ್ಟಿಯಾಗಿ ಮುಚ್ಚುವುದು ಹೇಗೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ದಯವಿಟ್ಟು ಗಟ್ಟಿಯಾಗಿ ಮುಚ್ಚಬೇಡಿ. ಹಾರಿದ ಆ ಮೂರು ಬಿರಡೆಗಳಿಗೆ ಕೈಮುಗಿಯಿರಿ. ಅವು ಹಾರದಿದ್ದರೆ ಗಾಜು ಒಡೆಯುತ್ತಿತ್ತು.

ನನ್ನ ತಂದೆ ಗೋಲಿಸೋಡಾ ಮಾಡುತ್ತಿದ್ದರು. ಆ ಬಾಟಲಿಗೆ ಹೊರಗಿನಿಂದ ಮುಚ್ಚಳವೇ ಇಲ್ಲ. ಬೋರಲು ಹಾಕಿ ಅನಿಲ ತುಂಬಿಸಿದರೆ ಒಳಗಿನ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ. ನಿಮ್ಮ ಬಿರಡೆಯ ಸ್ವಭಾವ ಇದಕ್ಕೆ ನೇರ ವಿರುದ್ಧ: ಒತ್ತಡ ಹೆಚ್ಚಿದಷ್ಟೂ ಅದು ಹೊರಗೆ ಜಾರುತ್ತದೆ. ತಂದೆ ಬಾಟಲಿ ತಿರುಗಿಸುವಾಗ ಕೈಗೆ ಗೋಣಿತಾಟು ಸುತ್ತಿಕೊಳ್ಳುತ್ತಿದ್ದರು. ಅವರ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗಾಯದ ಗುರುತಿತ್ತು, ತಾಟು ಸುತ್ತಿಕೊಳ್ಳದ ಒಂದು ದಿನದ್ದು. ಆದ್ದರಿಂದ ಯಾರೇ ಬಾಟಲಿ ಮುಚ್ಚುವ ವಿಷಯ ಕೇಳಿದರೂ ನಾನು ಮೊದಲು ಕೇಳುವುದು, ಒಳಗೆ ಅನಿಲ ಹುಟ್ಟುತ್ತಿದೆಯೇ ಎಂದು.

ನಿಮ್ಮಲ್ಲಿ ಹುಟ್ಟುತ್ತಿತ್ತು. 21 ದಿನವೆಂಬುದು ನಮ್ಮ ಅಜ್ಜಿಯರ ಲೆಕ್ಕ, ಸಕ್ಕರೆ ತಿಂದು ಅನಿಲ ಬಿಡುವ ಯೀಸ್ಟಿನ ಲೆಕ್ಕವಲ್ಲ. ಕೊಡಗಿನ ಡಿಸೆಂಬರ್ ಚಳಿಗೆ ಯೀಸ್ಟ್ ಅರ್ಧ ಕೆಲಸದಲ್ಲೇ ಮುದುಡಿ ಮಲಗಿರುತ್ತದೆ. ನೀವು ಅದರ ತಲೆದೆಸೆಯಲ್ಲಿ ಸಕ್ಕರೆ ಇಟ್ಟು ಬಾಗಿಲು ಹಾಕಿದಿರಿ. ಏಪ್ರಿಲ್ ಸೆಕೆಗೆ ಎದ್ದು ಕುಳಿತು ಉಂಡಿತು. ಎರಡು ಚಮಚವೆಂದರೆ 25 ಗ್ರಾಂ ಎಂದೇ ಹಿಡಿಯೋಣ. 750 ಮಿ.ಲೀ. ಬಾಟಲಿಯಲ್ಲಿ ಅದು ಲೀಟರಿಗೆ 33 ಗ್ರಾಂ ಆಗುತ್ತದೆ. ಶಾಂಪೇನ್ ಮಾಡುವವರು ನೊರೆಗಾಗಿ ಬಾಟಲಿಯಲ್ಲಿ ಸೇರಿಸುವುದೇ ಲೀಟರಿಗೆ ಸುಮಾರು 24 ಗ್ರಾಂ. ಅಷ್ಟಕ್ಕೆ ಒಳಗಿನ ಒತ್ತಡ ಕಾರಿನ ಟಯರಿನ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಅದಕ್ಕೇ ಅವರ ಬಾಟಲಿಯ ಗಾಜು ದಪ್ಪ, ಬಿರಡೆಯ ಮೇಲೆ ತಂತಿಯ ಕಟ್ಟು. ನಿಮ್ಮ ಬಾಟಲಿ ಮಾಮೂಲಿ ವೈನಿನದು.

ಮೊದಲು ಆ ಒಂಬತ್ತು ಬಾಟಲಿಗಳ ಒತ್ತಡ ಇಳಿಸಿ. ಮಕ್ಕಳನ್ನು ದೂರ ಕಳುಹಿಸಿ. ಕಣ್ಣಿಗೆ ಕನ್ನಡಕ, ಮೈಗೆ ದಪ್ಪ ಬಟ್ಟೆ ಇರಲಿ. ಬಾಟಲಿಗಳ ಮೇಲೆ ಒದ್ದೆ ಗೋಣಿ ಹಾಕಿ, ಬೆಳಗಿನ ತಂಪಿನಲ್ಲಿ ಒಂದೊಂದನ್ನೇ ಗೋಣಿಯ ಸಮೇತ ಅಂಗಳಕ್ಕೆ ಒಯ್ದು, ಬಾಯಿಯನ್ನು ಆಚೆ ತಿರುಗಿಸಿ ಮೆಲ್ಲನೆ ತೆರೆಯಿರಿ. ಎಲ್ಲವನ್ನೂ ಮತ್ತೆ ಭರಣಿಗೆ ಸುರಿದು ಬಟ್ಟೆ ಕಟ್ಟಿ ಬಿಡಿ.

ಯೀಸ್ಟಿನ ಕೆಲಸ ಮುಗಿಯಿತೆಂದು ತಿಳಿಯಲು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಳ್ಳೆಯದು, ಡೈರಿಯವರು ಹಾಲಿಗೆ ಬಿಡುತ್ತಾರಲ್ಲ, ಆ ಲ್ಯಾಕ್ಟೋಮೀಟರಿನ ಅಣ್ಣ. ನೀರಿನಲ್ಲಿ ಅದು 1.000 ತೋರಿಸುತ್ತದೆ. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿದ ವೈನಿನಲ್ಲಿ ಅದಕ್ಕಿಂತ ಕೆಳಗೆ, 0.995ರ ಆಸುಪಾಸಿಗೆ ಬಂದು, ಒಂದು ವಾರ ಅಲ್ಲಿಂದ ಕದಲದೆ ನಿಲ್ಲಬೇಕು. ಅದಿಲ್ಲದಿದ್ದರೆ ಒಂದು ಬಾಟಲಿ ತುಂಬಿ, ಬಾಯಿಗೆ ಬಿರಡೆಯ ಬದಲು ಬಲೂನು ಸಿಕ್ಕಿಸಿ ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ನಾಲ್ಕು ದಿನ ಇಡಿ. ಬಲೂನು ಎದ್ದು ನಿಂತರೆ ಇನ್ನೂ ಕಾಯಬೇಕು. ಸಿಹಿ ಬೇಕೆನ್ನುವವರು ಕುಡಿಯುವ ಹೊತ್ತಿಗೆ ಲೋಟಕ್ಕೆ ಸಕ್ಕರೆ ಪಾಕ ಬೆರೆಸಿಕೊಳ್ಳಲಿ.

ಇನ್ನು ಬಿರಡೆ. ಬಾಟಲಿಯ ಕತ್ತಿನ ಒಳಗಿನ ವ್ಯಾಸ 18.5 ಮಿ.ಮೀ., ಹೊಸ ಬಿರಡೆಯದು 24. ಇಷ್ಟು ದಪ್ಪದ್ದು ಅಷ್ಟು ಕಿರಿದಾದ ಕತ್ತಿಗೆ ಸುತ್ತಿಗೆಯ ಏಟಿನಿಂದ ಇಳಿಯುವುದಿಲ್ಲ. ಹಿಂಡಿ ತಳ್ಳುವ ಕೈಯಂತ್ರ ಬೇಕು. ನೀವು ಹೊಡೆದಾಗ ಇಳಿಯಿತೆಂದರೆ ಅದು ಸವೆದು ಸಣ್ಣದಾಗಿತ್ತು, ಬಿರಡೆ ಕೀಳುವ ತಿರುಪಿನಿಂದ ತೂತೂ ಆಗಿತ್ತು. ಕುದಿಸಿದರೆ ಬಿರಡೆ ತನ್ನ ಪುಟಿತ ಕಳೆದುಕೊಂಡು ಪುಡಿಯಾಗುತ್ತದೆ. ಹೊಸದನ್ನು ತಂದು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಸಾಕು. ಯಂತ್ರವಿಲ್ಲದವರಿಗೆ ಪ್ಲಾಸ್ಟಿಕ್ ತಲೆಯ ಬಿರಡೆಗಳೇ ವಾಸಿ, ಅಂಗೈಯಿಂದ ಒತ್ತಿದರೆ ಕೂರುತ್ತವೆ. ಒತ್ತುವಾಗ ಪಕ್ಕದಲ್ಲಿ ಒಂದು ಶುದ್ಧ ದಾರ ಇಳಿಬಿಟ್ಟುಕೊಳ್ಳಿ. ಸಿಕ್ಕಿಬಿದ್ದ ಗಾಳಿ ಆ ಸಂದಿನಿಂದ ಹೊರಗೆ ಹೋಗುತ್ತದೆ. ಆಮೇಲೆ ದಾರ ಎಳೆದುಬಿಡಿ. ಹಾಗೆ ಮಾಡದಿದ್ದರೆ ಒಳಗೆ ಅದುಮಿದ ಗಾಳಿಯೇ ಅರ್ಧ ಗಂಟೆಯಲ್ಲಿ ಬಿರಡೆಯನ್ನು ಮೇಲೆ ನೂಕುತ್ತದೆ. ಆಗ ಯೀಸ್ಟನ್ನು ದೂರಿ ಪ್ರಯೋಜನವಿಲ್ಲ. ಯಂತ್ರದಿಂದ ಹಾಕಿದ ಬಾಟಲಿಗಳನ್ನು ಎರಡು ಮೂರು ದಿನ ನಿಲ್ಲಿಸಿ ಆಮೇಲೆ ಮಲಗಿಸಿ. ಅಂಗೈಯಿಂದ ಒತ್ತಿದವು ನಿಂತೇ ಇರಲಿ.

ಮೇಣದಬತ್ತಿಯ ಮೇಣ ಒಣಗಿದ ಮೇಲೆ ಬಿರಿಯುತ್ತದೆ. ಪಾರ್ಸಲ್ಲಿಗೆ ಮುದ್ರೆ ಹಾಕುವ ಅರಗಿಗೆ ಒಂದಿಷ್ಟು ಜೇನುಮೇಣ ಬೆರೆಸಿ ಸಣ್ಣ ಉರಿಯಲ್ಲಿ ಕರಗಿಸಿ ಅದ್ದಿದರೆ ಹಿಡಿದು ನಿಲ್ಲುತ್ತದೆ. ಕೊಡಗಿನಲ್ಲಿ ಜೇನುಮೇಣ ಎಲ್ಲಿ ಸಿಗುತ್ತದೆಂದು ನಾನು ಹೇಳಬೇಕಿಲ್ಲ. ಆದರೂ ಅದು ಬಿರಡೆಗೆ ಹೊದಿಕೆ ಮಾತ್ರ. ಒತ್ತಡವನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಪ್ರಶ್ನೆ: ಇಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಬಹಳ. ನಾನೂ 20 ಲೀಟರ್ ಮಾಡಿದ್ದೇನೆ. ತಿರುಗಿಸಿ ತೆಗೆಯುವ ಮುಚ್ಚಳವಿದ್ದ ಖಾಲಿ ಬಾಟಲಿಗಳಿಗೆ ಕ್ರೌನ್ ಮುಚ್ಚಳ (ಅಂಚಿಗೆ ಹಲ್ಲುಗಳಿರುವ ತಗಡಿನ ಮುಚ್ಚಳ) ಒತ್ತಬಹುದೇ?
– ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ಬಿಯರಿಗೆ ಅನಿಲ ಬೇಕೇ ಬೇಕು. ಹಾಗಾಗಿ ಅದನ್ನು ಹಿಡಿದಿಡುವ ಮುಚ್ಚಳ ಬೇಕು. ಕ್ರೌನ್ ಹುಟ್ಟಿದ್ದೇ ಆ ಕೆಲಸಕ್ಕೆ. ಬಾಲ್ಟಿಮೋರಿನ ವಿಲಿಯಂ ಪೇಂಟರ್ 1892ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನಮ್ಮ ತಂದೆಯ ಕಸುಬನ್ನು ಕೆಡಿಸಿದ ಮನುಷ್ಯ, ಆದರೂ ಜಾಣ. ಈಗಿನ ಮುಚ್ಚಳಕ್ಕೆ 21 ಹಲ್ಲುಗಳು, ಎಣಿಸಿ ನೋಡಿ. ತಿರುಪಿನ ಬಾಟಲಿಯ ತುಟಿ ತೆಳು. ಎರಡು ಹಿಡಿಕೆಯ ಯಂತ್ರದಿಂದ ಒತ್ತಿದರೆ ಚಕ್ಕೆ ಏಳಬಹುದು. ಓಪನರಿನಿಂದ ತೆಗೆಯುವ ಬಾಟಲಿಗಳನ್ನೇ ಕೂಡಿಡಿ. ಹುದುಗು ಪೂರ್ತಿ ನಿಂತ ಮೇಲೆ ಲೀಟರಿಗೆ 6ರಿಂದ 7 ಗ್ರಾಂ ಸಕ್ಕರೆ, ಅಂದರೆ 20 ಲೀಟರಿಗೆ ಸುಮಾರು 130 ಗ್ರಾಂ. ಅದನ್ನು ಕುದಿಸಿ ಆರಿಸಿ ಇಡೀ ಪಾತ್ರೆಗೆ ಬೆರೆಸಿ. ಬಾಟಲಿಗೊಂದು ಚಮಚ ಹಾಕುವ ಅಂದಾಜು ಬೇಡ. ಅದೇ ಬಿಯರನ್ನು ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ತುಂಬಿಡಿ. ದಿನವೂ ಅದನ್ನು ಅಮುಕಿ ನೋಡಿ. ಕಲ್ಲಿನಂತಾದ ದಿನ ಗಾಜಿನವೂ ಸಿದ್ಧವಾಗಿರುತ್ತವೆ.

ಪ್ರಶ್ನೆ: ಕ್ರಿಸ್‌ಮಸ್ ವೈನನ್ನು ಅಮ್ಮ ಹಳೆಯ ವಿಸ್ಕಿ ಬಾಟಲಿಗಳಿಗೆ ತುಂಬುತ್ತಾರೆ. ತಿರುಪಿನ ಮುಚ್ಚಳ ಸಾಕೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮುಚ್ಚಳದ ಒಳಗಿನ ಮೆತ್ತೆಯ ಬಿಲ್ಲೆ ಹರಿಯದೆ ಇದ್ದರೆ ಈಸ್ಟರ್‌ವರೆಗೆ ಧಾರಾಳವಾಗಿ ಸಾಕು. ವಿಸ್ಕಿಯ ವಾಸನೆ ಹೋಗುವಂತೆ ಬಾಟಲಿಯನ್ನು ಚೆನ್ನಾಗಿ ತೊಳೆಯಲಿ. ನಿಮ್ಮ ಅಮ್ಮ ಬಲೂನಿನ ಪರೀಕ್ಷೆಯನ್ನು ಒಪ್ಪುವುದು ಸಂಶಯ. ನೀವೇ ಗುಟ್ಟಾಗಿ ಒಂದು ಬಾಟಲಿಗೆ ಸಿಕ್ಕಿಸಿ ನೋಡಿ.